ಪಥ್ಯದ ಪಟ್ಟಿ ನಮ್ಮ ಹೊಲ ನೋಡಲಿ

ಸಕ್ಕರೆ ಕಾಯಿಲೆ ಈಗ ಹಳ್ಳಿಗೂ ಬಂದಿದೆ. ಪೇಟೆಯ ಕೆಲವು ಆಹಾರ ಸಲಹೆಗಾರರು ಓಟ್ಸ್, ಆಲಿವ್ ಎಣ್ಣೆ ಅಂತ ಪಟ್ಟಿ ಬರೆದುಕೊಡ್ತಾರೆ. ಮಣ್ಣು ನೋಡದೆ ಗೊಬ್ಬರ ಹೇಳಿದ ಹಾಗೆ! ಅದು ಎಷ್ಟು ದಿನ ನಡೆದೀತು?

ಸಲಹೆಗಾರರೇ ಬೇಡ ಅಂತಲ್ಲ. ಹೊಲದಲ್ಲಿ ಏನು ಬೆಳೀತೀರಿ, ಎಷ್ಟು ಹೊತ್ತಿಗೆ ಉಣ್ತೀರಿ ಅಂತ ಮೊದಲು ಕೇಳುವವರು ಬೇಕು. ಎಲ್ಲವನ್ನೂ ಒಂದೇ ಸಲ ಬದಲಿಸೋದಲ್ಲ. ಈ ತಿಂಗಳು ಅನ್ನ ಕಡಿಮೆ ಮಾಡಿ ಹುರುಳಿ, ಸೊಪ್ಪು ಹೆಚ್ಚಿಸೋದು. ಅದು ರೂಢಿಯಾದ ಮೇಲೆ ಮುಂದಿನದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ನಿಜ. ಆದರೆ ರಾಗಿ ತಾನೇ ಎಂದು ಮುದ್ದೆ ಹೆಚ್ಚಿಸಿದರೆ ಸಕ್ಕರೆಯೂ ಏರುತ್ತದೆ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬಾರದು.

ನವಣೆ ಪೂರಾ ಮಾರಿ ಅಕ್ಕಿ ತರುವ ನಾವು, ಒಂದು ಮೂಟೆ ಮನೆಗೆ ಉಳಿಸಿಕೊಂಡರೆ ಪಥ್ಯ ಅಲ್ಲೇ ಶುರುವಾಯ್ತು.