ಮಿನಿವ್ಯಾನ್ ಅಂದ್ರೆ ಅಷ್ಟ್ಯಾಕೆ ನಾಚಿಕೆ?

ಅಮೆರಿಕದಲ್ಲಿರೋ ನಮ್ಮ ಕನ್ನಡದ ಗೆಳೆಯರಿಗೆ ಎರಡನೇ ಮಗು ಆಗ್ತಿದ್ದ ಹಾಗೇ ಎಸ್‌ಯುವಿ ಹುಚ್ಚು ಹಿಡಿಯುತ್ತೆ. ಮಿನಿವ್ಯಾನ್ ತಗೊಳ್ರೋ ಅಂದ್ರೆ, "ಥೂ, ಅದು ಅಂಕಲ್‌ಗಳ ಗಾಡಿ ಮಾರಾಯ!"

ನಾನೂ ಹಾಗೇ ಅಂದವನೇ ಬಿಡಿ. ಮೂರು ಸಾಲಿನ ಎಸ್‌ಯುವಿ ತಂದೆ. ಆಮೇಲೆ ಊರಿಂದ ಅಮ್ಮ ಬಂದ್ರು. ಮಧ್ಯದ ಬೆಂಚಿನಲ್ಲಿ ಎರಡು ಚೈಲ್ಡ್ ಸೀಟು. ಅದನ್ನ ದಾಟಿ ಹಿಂದಕ್ಕೆ ಹತ್ತೋಕೆ ಮಂಡಿನೋವಿನ ಅಮ್ಮನಿಗೆ ಆಗ್ಲಿಲ್ಲ. "ನೀವು ಹೋಗ್ಬನ್ನಿ, ನಾನು ಮನೇಲೇ ಇರ್ತೀನಿ" ಅಂದ್ರು. ಇಡೀ ಬೇಸಿಗೆ ಹಾಗೇ ಅಂದ್ರು...

ಮಿನಿವ್ಯಾನಿನ ನೆಲ ತಗ್ಗು. ಏಳು ಸೀಟಿನದಾದ್ರೆ ಮಧ್ಯದ ಎರಡು ಸೀಟುಗಳ ನಡುವೆಯೇ ಹಿಂದಕ್ಕೆ ಹೋಗ್ಬಹುದು. ಬಾಗಿಲು ಜಾರೋದ್ರಿಂದ ಮಗ ಅದನ್ನ ಪಕ್ಕದ ಕಾರಿಗೆ ಗುದ್ದೋ ಭಯವೂ ಇಲ್ಲ. ಹಿಮದ ನೆಪ ಹೇಳ್ಬೇಡಿ, ಟೊಯೋಟಾ ಸಿಯೆನ್ನಾದಲ್ಲಿ ಆಲ್ ವೀಲ್ ಡ್ರೈವ್ ಸಿಗುತ್ತೆ. 2021ರ ಮಾದರಿಯಿಂದ ಅದು ಹೈಬ್ರಿಡ್ ಬೇರೆ.

ಅಷ್ಟಕ್ಕೂ ಊರಲ್ಲಿ ಮಾರುತಿ ಓಮ್ನಿಯಲ್ಲಿ ಹತ್ತು ಜನ ತುಂಬ್ಕೊಂಡು ಧರ್ಮಸ್ಥಳಕ್ಕೆ ಹೋದವರೇ ಅಲ್ವೇನ್ರೀ ನಾವು? ಅದಕ್ಕೂ ಜಾರೋ ಬಾಗಿಲೇ ಇದ್ದಿದ್ದು! ಆಗ ಇಲ್ಲದ ನಾಚಿಕೆ ಈಗೆಲ್ಲಿಂದ ಬಂತು?

ಮುಂದಿನ ತಿಂಗಳು ಅಮ್ಮ ಮತ್ತೆ ಬರ್ತಿದಾರೆ. ಎಸ್‌ಯುವಿ ಮಾರೋಕಿಟ್ಟಿದೀನಿ. ಯಾರಿಗಾದ್ರೂ ಬೇಕಾ? :-)