ಆಂಪಿಯರ್ ಆಮೇಲೆ, ಮೊದಲು ವೋಲ್ಟ್ ನೋಡಿ

ಶಹಾಬಾದ್, ಚಿತ್ತಾಪುರದ ಫರ್ಸಿ ಕಲ್ಲಿನ ಕೆಲಸಗಾರರು ಉಳಿಯ ಮೊನೆ ಕಾಯಿಸಲು ಇಂಡಕ್ಷನ್ ಹೀಟರನ್ನು ತಾವೇ ಕಟ್ಟಿಕೊಳ್ಳಲಿ ಎಂಬ ಲೇಖನವೊಂದರ ಆಶಯ ಒಳ್ಳೆಯದೇ. ಆದರೆ ಕರೆಂಟನ್ನು ಆನ್-ಆಫ್ ಮಾಡುವ ಮಾಸ್ಫೆಟ್ ಆಂಪಿಯರ್ ಹೆಚ್ಚಿರುವ ಯಾವುದಾದರೂ ನಡೆಯುತ್ತದೆ, ಸಪ್ಲೈ ಯಾವುದಾದರೂ ಸರಿ ಎಂಬ ಸಲಹೆ ಬಡವರ ದುಡ್ಡು ಸುಡುವಂಥದ್ದು.

ಇಂಥ ಹೀಟರಿನ ಎರಡು ಮಾಸ್ಫೆಟ್‌ಗಳ ಝಡ್‌ವಿಎಸ್ (ಶೂನ್ಯ ವೋಲ್ಟೇಜಿನಲ್ಲಿ ಸ್ವಿಚ್ ಆಗುವ) ಸರ್ಕ್ಯೂಟಿನಲ್ಲಿ ಒಂದೊಂದರ ಮೇಲೂ ಸಪ್ಲೈನ ಸುಮಾರು 3.14 ಪಟ್ಟು ವೋಲ್ಟೇಜ್ ಬೀಳುತ್ತದೆ. 24 ವೋಲ್ಟ್ ಕೊಟ್ಟರೆ 75. ಲೇಖಕರು ಹೊಗಳಿದ ಐಆರ್‌ಎಫ್‌ಝಡ್44ಎನ್ ತಡೆಯುವುದು 55 ಮಾತ್ರ. ಅದರ 49 ಆಂಪಿಯರ್ ಕಟ್ಟಿಕೊಂಡು ಏನು ಮಾಡುವುದು? 48 ವೋಲ್ಟಿಗೆ ಐಆರ್‌ಎಫ್‌ಪಿ260ಎನ್‌ನಂಥ 200 ವೋಲ್ಟಿನದೇ ಬೇಕು. ಅದರ 50 ಆಂಪಿಯರ್ ಕೂಡ ಕೇಸ್ 25 ಡಿಗ್ರಿ ಇದ್ದಾಗಿನ ಲೆಕ್ಕ. 100 ಡಿಗ್ರಿಗೆ 35ಕ್ಕೆ ಇಳಿಯುತ್ತದೆ. ಸೇಡಂ, ವಾಡಿಯ ಮೇ ತಿಂಗಳಲ್ಲಿ ನೆರಳೇ 40 ದಾಟುವಾಗ ದೊಡ್ಡ ಹೀಟ್‌ಸಿಂಕ್, ಫ್ಯಾನ್ ಇಲ್ಲದೆ ಕೆಲಸ ನಡೆಯದು.

ಸಪ್ಲೈನದು ಇನ್ನೂ ದೊಡ್ಡ ತಕರಾರು. ದಪ್ಪ ಉಳಿಯನ್ನು ಕಾಯಿಲ್ ಒಳಗೆ ಇಟ್ಟೊಡನೆ ಕರೆಂಟ್ ಏರುತ್ತದೆ. ಆಗ ಸಪ್ಲೈ ಆಗಿ ಬಳಸಿದ ಹಳೆಯ ಚಾರ್ಜರಿನ ವೋಲ್ಟೇಜ್ ಕುಸಿದರೆ ಆಂದೋಲನ ನಿಂತು, ಮಾಸ್ಫೆಟ್ ಆನ್ ಆಗಿಯೇ ಉಳಿದು ಸುಡುತ್ತದೆ. ಸಪ್ಲೈ ನಿಧಾನ ಏರಿದರೂ ಇದೇ ಗತಿ. ಆದ್ದರಿಂದ ಮೊದಲೇ ಫ್ಯೂಸ್ ಹಾಕಿ, ಸಪ್ಲೈ ಪೂರ್ತಿ ಏರಿದ ಮೇಲೆ ಡಿಸಿ ಕಡೆಯ ಸ್ವಿಚ್ ಒತ್ತಿ. ಇಷ್ಟನ್ನೂ ಹೇಳದ ಲೇಖನ ಅರ್ಧ ಪಾಠ.