ಹಳೆ ಲಾರಿಗೆ ಫೀ ಏರಿಸುವ ಮೊದಲು ಅದರೊಳಗೆ ಮಲಗುವವನಿಗೆ ನೀರು ಕೊಡಿ

ಕ್ಯಾರವಾನ್ ಅಂತ ಒಂದು ಗಾಡಿ ಇದೆ. ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. ಹಾಸಿಗೆ, ಒಲೆ, ಸಣ್ಣ ಫ್ರಿಜ್, ಪಾಯಿಖಾನೆ ಎಲ್ಲಾ ಗಾಡಿಯೊಳಗೇ. ಗಂಡ-ಹೆಂಡತಿ ಅದರಲ್ಲಿ ಊರೂರು ಸುತ್ತಿ ವಿಡಿಯೋ ಹಾಕುತ್ತಾರೆ. ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನಿಗೆ ಜಾಗ ಸಿಕ್ಕಿದೆ. ಸಿಗಲಿ, ಹೊಟ್ಟೆಕಿಚ್ಚಿಲ್ಲ.

ಆದರೆ ಡೀಸೆಲ್ ಗಾಡಿಯನ್ನೇ ಮನೆ ಮಾಡಿಕೊಂಡು ಬದುಕುವುದು ಕಲಬುರಗಿ ಕಡೆಯವರಿಗೆ ಹೊಸ ಫ್ಯಾಷನ್ ಏನಲ್ಲ. ಕಪನೂರು ಕೈಗಾರಿಕಾ ಪ್ರದೇಶದಿಂದ ಹಿಡಿದು ಮಹಾಗಾಂವ ಕ್ರಾಸ್, ಕಮಲಾಪುರ, ಕಿಣ್ಣಿ ಸಡಕ್ ದಾಟಿ ಹುಮನಾಬಾದ್‌ವರೆಗೆ ಸಂಜೆ ಹೊತ್ತು ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿ. ರಸ್ತೆ ಬದಿಗೆ ನಿಂತ ಲಾರಿ, ಕೆಳಗೆ ಸ್ಟವ್, ಕನ್ನಡಿಗೆ ಕಟ್ಟಿದ ಹಗ್ಗದ ಮೇಲೆ ಒಣಗುವ ಬನಿಯನ್, ಸೀಟಿನ ಹಿಂದಿನ ಹಲಗೆಯ ಮೇಲೆ ಮಡಿಚಿಟ್ಟ ಕೌದಿ. ಇದಕ್ಕೆ ಯಾರೂ ಕ್ಯಾರವಾನ್ ಅನ್ನುವುದಿಲ್ಲ. ಡ್ರೈವರ್ ಗಾಡಿ ಅನ್ನುತ್ತಾರೆ, ಅಷ್ಟೇ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ, ಉಳಿದ ದಿನ ಇದರೊಳಗೆ. ಹಾಗಾದರೆ ಇವರ ಮನೆ ಯಾವುದು, ನೀವೇ ಹೇಳಿ.

ಈ ಮನೆಗಳು ಹೆಚ್ಚಾಗಿ ಹಳೆಯವು, ಅದಕ್ಕೆ ಕಾನೂನಿನಲ್ಲೇ ಒಂದು ಕಾರಣ ಇದೆ. 12 ವರ್ಷ ದಾಟಿದ ಎರಡು ಆಕ್ಸೆಲ್ ಲಾರಿಗೆ ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ. ಮಲ್ಟಿ ಆಕ್ಸೆಲ್‌ಗೆ ಆ ಗಡಿ 15 ವರ್ಷ. ದೊಡ್ಡ ಕಂಪನಿಗಳು ಓಡಿಸಿ ಬಿಟ್ಟ ಗಾಡಿ ಆಗ ಕೈ ಬದಲಾಗುತ್ತದೆ. ಯಾರೋ ಸಣ್ಣ ಮಾಲೀಕ, ಎಷ್ಟೋ ಸಲ ಡ್ರೈವರೇ, ಸಾಲ ಮಾಡಿ ಕೊಳ್ಳುತ್ತಾನೆ. ಆಮೇಲೆ ಅದು ಶಹಾಬಾದಿನ ಫರ್ಸಿ, ಕ್ರಷರ್‌ನ ಜಲ್ಲಿ, ಸೇಡಂ-ವಾಡಿ ಕಡೆಯ ಸಿಮೆಂಟು, ಗಂಜಿನ ತೊಗರಿ ಹೊತ್ತುಕೊಂಡು ರಾಜ್ಯದೊಳಗೇ ಓಡಾಡುತ್ತದೆ. ಸಣ್ಣ ಗಾಡಿಯಾದರೆ ಕಮಲಾಪುರದ ಕೆಂಪು ಬಾಳೆ. ನಮ್ಮ ಜಿಲ್ಲೆಯ ಹೊಲದ್ದು, ಗಣಿಯದ್ದು ಹೊರುವ ಹೆಗಲುಗಳಲ್ಲಿ ಈ ಮುದಿ ಗಾಡಿಗಳದ್ದೂ ಸೇರಿದೆ.

ಈಗ ಸರ್ಕಾರ ಏನು ಮಾಡಿದೆ ನೋಡಿ. 15 ವರ್ಷ ದಾಟಿದ ಭಾರಿ ಗಾಡಿಯ ಪಾಸಿಂಗ್, ಅಂದರೆ ಫಿಟ್‌ನೆಸ್ ನವೀಕರಣದ ಫೀಯನ್ನು 2021ರ ಅಧಿಸೂಚನೆಯಲ್ಲಿ 12,500 ರೂಪಾಯಿಗೆ ಏರಿಸಿತು. 2022ರ ಏಪ್ರಿಲ್ 1ರಿಂದ ಜಾರಿ ಅಂತ. 2025ರ ನವೆಂಬರ್‌ನಲ್ಲಿ ಮತ್ತೊಂದು ಅಧಿಸೂಚನೆ ಬಂತು: 20 ವರ್ಷ ದಾಟಿದ ಲಾರಿ, ಬಸ್ಸಿಗೆ 25,000. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪಾಸಿಂಗ್ ಪ್ರತಿ ವರ್ಷ ಬೇಕು ಅನ್ನುವುದನ್ನು ಇದರ ಜೊತೆ ಸೇರಿಸಿ ಲೆಕ್ಕ ಹಾಕಿ.

ಇಲ್ಲಿ ಒಂದು ಗಾಳಿಮಾತನ್ನೂ ತಿಳಿಗೊಳಿಸಬೇಕು. 'ಹದಿನೈದು ವರ್ಷ ಆತು, ಇನ್ನ ಗಾಡಿ ಗುಜರಿಗೇ ಹಾಕಬೇಕಂತ' ಎಂದು ಹೆದರಿಸಿ ಅಗ್ಗಕ್ಕೆ ಹೊಡೆಯುವ ದಲ್ಲಾಳಿಗಳಿದ್ದಾರೆ. ಹತ್ತು ವರ್ಷದ ಡೀಸೆಲ್ ಗಾಡಿಗೆ ನಿಷೇಧ ಅನ್ನುವ ತಕರಾರು ದೆಹಲಿ ಸುತ್ತಿನದು, ಕಲಬುರಗಿಯದ್ದಲ್ಲ. ಇಲ್ಲಿ ವಯಸ್ಸಿನ ಕಾರಣಕ್ಕೇ ಖಾಸಗಿ ಲಾರಿಯನ್ನು ಯಾರೂ ಎಳೆದೊಯ್ಯುವುದಿಲ್ಲ. ಪರೀಕ್ಷೆಯಲ್ಲಿ ಪಾಸಾದರೆ ಓಡಿಸಬಹುದು. 2023ರ ಏಪ್ರಿಲ್‌ನಿಂದ 15 ವರ್ಷಕ್ಕೆ ನೋಂದಣಿ ಕಳೆದುಕೊಂಡವು ಸರ್ಕಾರದ್ದೇ ಗಾಡಿಗಳು. ದಲ್ಲಾಳಿ ಮಾತು ಕೇಳಿ ಕೈಬಿಡಬೇಡಿ.

ನಮ್ಮ ತಕರಾರು ಪರೀಕ್ಷೆಯ ಬಗ್ಗೆ ಇಲ್ಲ. ಪರೀಕ್ಷೆ ಇನ್ನೂ ಬಿಗಿಯಾಗಲಿ. ಬ್ರೇಕ್ ಹಿಡಿಯದ ಲಾರಿ ಶಾಲೆ ಮುಂದೆ ಹಾದುಹೋಗುವುದು ಯಾವ ಹಳ್ಳಿಗೂ ಬೇಡ. ಆದರೆ ಫೀ ಏರಿದರೆ ಬ್ರೇಕ್ ಹಿಡಿಯುತ್ತದೆಯೇ? 25,000 ಕಟ್ಟಿದ ಸಣ್ಣ ಮಾಲೀಕ ಆ ದುಡ್ಡನ್ನು ಎಲ್ಲಿಂದ ತರುತ್ತಾನೆ? ಬ್ರೇಕ್ ಲೈನರ್‌ಗೆ, ಟಯರಿಗೆ, ಕಿಂಗ್‌ಪಿನ್ನಿಗೆ ಎತ್ತಿಟ್ಟಿದ್ದ ದುಡ್ಡಿನಿಂದ. ಗಾಡಿ ಹೇಗಿದೆ ಅಂತ ನೋಡದೆ ಅದರ ಹುಟ್ಟಿದ ವರ್ಷ ನೋಡಿ ಹಾಕುವ ಫೀ ಇದು. ಚೆನ್ನಾಗಿ ಇಟ್ಟುಕೊಂಡವನಿಗೂ ಅಷ್ಟೇ, ಹಾಳು ಮಾಡಿದವನಿಗೂ ಅಷ್ಟೇ. ಸುರಕ್ಷತೆಯ ಹೆಸರಿನಲ್ಲಿ ರಿಪೇರಿ ದುಡ್ಡು ಕಿತ್ತುಕೊಳ್ಳುವ ಬುದ್ಧಿ ಯಾರದ್ದೋ!

ಚೆನ್ನಾಗಿ ಇಟ್ಟುಕೊಳ್ಳುವುದು ಅಂದರೇನು ಅಂತ ಕೇಳುವವರಿಗಾಗಿ ಸ್ವಲ್ಪ ಹೇಳುತ್ತೇವೆ, ಯಾಕೆಂದರೆ ಹಳೆ ಡೀಸೆಲ್ ಎಂಜಿನ್ ಅಂದರೆ ಬರೀ ಹೊಗೆ ಅಂದುಕೊಂಡವರೇ ಬಹಳ. ಹಳೆ ಟಾಟಾ, ಲೇಲ್ಯಾಂಡ್ ಗಾಡಿಗಳ ಡೀಸೆಲ್ ಪಂಪು ಮೆಕಾನಿಕಲ್. ಟ್ಯಾಂಕ್ ಖಾಲಿಯಾಗಿ ಲೈನಿನಲ್ಲಿ ಗಾಳಿ ಹಿಡಿದರೆ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ನೊರೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಕಾಯ್ದರೆ ಸಾಕು, ಒಂದೇ ಸ್ಪ್ಯಾನರಿನಲ್ಲಿ ಕೆಲಸ ಮುಗಿಯಿತು. 2020ರ ಏಪ್ರಿಲ್ ನಂತರದ ಬಿಎಸ್-6 ಲಾರಿಯಲ್ಲಿ ಸೆನ್ಸರ್ ಕೈಕೊಟ್ಟರೆ ಕಂಪ್ಯೂಟರ್ ಹಿಡಿದ ಮನುಷ್ಯ ಬರಬೇಕು. ಯೂರಿಯಾ ದ್ರಾವಣ ಮುಗಿದರೆ ಎಂಜಿನ್ ತಾನೇ ಶಕ್ತಿ ಇಳಿಸಿಕೊಳ್ಳುತ್ತದೆ. ಹೊಸ ಗಾಡಿ ಗಾಳಿಗೆ ಒಳ್ಳೆಯದು, ಒಪ್ಪುತ್ತೇವೆ. ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ.

ಹಳೆ ಎಂಜಿನ್ ತನ್ನ ರೋಗವನ್ನು ಹೊಗೆಯ ಬಣ್ಣದಲ್ಲೇ ಹೇಳುತ್ತದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೇ ಡೀಸೆಲ್ ಹೆಚ್ಚು. ನಮ್ಮ ಕ್ರಷರ್ ಧೂಳಿನಲ್ಲಿ ಮೊದಲು ಏರ್ ಫಿಲ್ಟರ್ ನೋಡಿ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರ್ ನೀರು ಒಳಗೆ ಸೇರುತ್ತಿರಬಹುದು, ಗಾಡಿ ನಿಲ್ಲಿಸಿ. ದಿನಾ ಕೆಲಸ ಮುಗಿದ ಮೇಲೆ ಏರ್ ಟ್ಯಾಂಕಿನ ನೀರು ಬಿಡುವುದು, ಡೀಸೆಲ್ ಫಿಲ್ಟರಿನ ತಳದ ನೀರು ತೆಗೆಯುವುದು ಡ್ರೈವರ್ ಕೈಯಲ್ಲೇ ಇದೆ.

ಇನ್ನೊಂದು ತಪ್ಪು ಸುಮಾರು ಎಲ್ಲಾ ಕ್ಯಾಬಿನ್ನಿನಲ್ಲೂ ನಡೆಯುತ್ತದೆ. ಲಾರಿಗೆ 12 ವೋಲ್ಟಿನ ಎರಡು ಬ್ಯಾಟರಿ ಸೇರಿಸಿ 24 ಮಾಡಿರುತ್ತಾರೆ. ಫ್ಯಾನು, ಹಾಡಿನ ಡಬ್ಬಿ, ಮೊಬೈಲ್ ಚಾರ್ಜರ್ 12 ವೋಲ್ಟಿನವು ಅಂತ ಒಂದೇ ಬ್ಯಾಟರಿಯಿಂದ ತಂತಿ ಎಳೆಯುತ್ತಾರೆ. ಒಂದು ಬ್ಯಾಟರಿ ಬರಿದಾಗುತ್ತದೆ, ಇನ್ನೊಂದಕ್ಕೆ ಚಾರ್ಜ್ ಹೆಚ್ಚಾಗುತ್ತದೆ, ಎರಡೂ ಹಾಳು. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. ಹೊಸ ಬ್ಯಾಟರಿಗಿಂತ ಬಹಳ ಅಗ್ಗ.

ಫ್ಯಾನಿನ ಮಾತು ಬಂತಲ್ಲ, ಸೆಕೆಯ ಮಾತಿಗೆ ಬರೋಣ. ಮೇ ತಿಂಗಳ ಕಲಬುರಗಿ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಹಳೆ ಲಾರಿಯಲ್ಲಿ ಎಂಜಿನ್ ಕ್ಯಾಬಿನ್ನಿನೊಳಗೇ ತಲೆ ಹಾಕಿರುತ್ತದೆ, ಮೇಲೆ ತಗಡು. ಹೊರಗೆ 42 ಡಿಗ್ರಿ ಇದ್ದಾಗ ಒಳಗೆ ಎಷ್ಟಿರುತ್ತದೆ ಅಂತ ಕೂತು ನೋಡಿದವರಿಗೇ ಗೊತ್ತು. ಭಾರಿ ಮತ್ತು ಮಧ್ಯಮ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿ ಕೇಂದ್ರ ಸರ್ಕಾರ ನಿಯಮ ತಂತು, ಚಪ್ಪಾಳೆಯೂ ಬಿತ್ತು. ಆ ನಿಯಮ 2025ರ ಅಕ್ಟೋಬರ್ 1ರ ನಂತರ ತಯಾರಾದ ಗಾಡಿಗಳಿಗೆ. ಹಳೆ ಲಾರಿಯಲ್ಲಿ ಬೇಯುತ್ತಿರುವವನಿಗೆ ಸಿಕ್ಕಿದ್ದು ಏರಿದ ಫೀ ಮಾತ್ರ. ತಂಪು ಹೊಸ ಗಾಡಿಗೆ, ಬಿಲ್ಲು ಹಳೆ ಗಾಡಿಗೆ. ಇದ್ಯಾವ ನ್ಯಾಯ ಸ್ವಾಮಿ?

'ಹಾಗಾದರೆ ಲಾಡ್ಜಿನಲ್ಲಿ ಮಲಗಲಿ' ಅನ್ನುವವರಿಗೆ ಲಾರಿಯ ಲೆಕ್ಕ ಗೊತ್ತಿಲ್ಲ. ಟ್ಯಾಂಕಿನಲ್ಲಿ ನೂರಾರು ಲೀಟರ್ ಡೀಸೆಲ್, ಮೇಲೆ ತಾಡಪತ್ರಿ ಹೊದಿಸಿದ ತೊಗರಿ. ರಾತ್ರಿ ಪೈಪು ಹಾಕಿ ಡೀಸೆಲ್ ಎಳೆದರೆ, ನಾಲ್ಕು ಚೀಲ ಹೋದರೆ, ಕೂಲಿಯಲ್ಲಿ ಮುರಿದುಕೊಳ್ಳುವುದು ಡ್ರೈವರನ ಹತ್ತಿರ. ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ 18.44ಕ್ಕೆ, 2025ರ ಏಪ್ರಿಲ್ 1ರಿಂದ ಶೇ 21.17ಕ್ಕೆ ಏರಿಸಿದ ಮೇಲೆ ಆ ಟ್ಯಾಂಕು ಇನ್ನಷ್ಟು ತುಟ್ಟಿ. ಅದಕ್ಕೇ ಅವನು ಗಾಡಿ ಬಿಟ್ಟು ಕದಲುವುದಿಲ್ಲ. ಅದೇ ಏಪ್ರಿಲ್ ಮಧ್ಯದಲ್ಲಿ ಲಾರಿ ಮಾಲೀಕರ ಮುಷ್ಕರವೂ ನಡೆಯಿತು. ಡೀಸೆಲ್ ದರ, ಟೋಲ್ ಎಲ್ಲರ ಬಾಯಲ್ಲಿ ಬಂತು. ಚಾಲಕ ರಾತ್ರಿ ಎಲ್ಲಿ ಕಾಲು ಚಾಚುತ್ತಾನೆ ಅನ್ನುವುದು ನಮ್ಮ ಕಿವಿಗೆ ಬೀಳಲಿಲ್ಲ.

2024ರ ಫೆಬ್ರವರಿಯಲ್ಲಿ ಪ್ರಧಾನಿ ಹೆದ್ದಾರಿಗಳಲ್ಲಿ ಚಾಲಕರಿಗಾಗಿ ಮೊದಲ ಹಂತದಲ್ಲಿ 1000 ವಿಶ್ರಾಂತಿ ತಾಣ ಕಟ್ಟುವುದಾಗಿ ಹೇಳಿದರು. ತೈಲ ಕಂಪನಿಗಳು ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ 'ಅಪ್ನಾ ಘರ್' ಅಂತ ಹಾಸಿಗೆ, ಸ್ನಾನ, ಅಡುಗೆಗೆ ಜಾಗ ಮಾಡಿವೆ. ಒಳ್ಳೆಯ ಕೆಲಸ. ಆದರೆ ಲಾರಿ ಬಹಳ ಹೊತ್ತು ಕಾಯುವುದು ಬಂಕಿನಲ್ಲಲ್ಲ. ತೂಕಕ್ಕೆ, ಲೋಡಿಗೆ, ಹಮಾಲರು ಸಿಗುವುದಕ್ಕೆ ಕಾಯುತ್ತದೆ. ಗಂಜಿನಲ್ಲಿ, ದಾಲ್ ಮಿಲ್ಲಿನ ಗೇಟಿನಲ್ಲಿ, ಸಿಮೆಂಟ್ ಕಾರ್ಖಾನೆಯ ಹೊರಗೆ. ನಲ್ಲಿ, ಶೌಚಾಲಯ, ನಾಲ್ಕು ಮರದ ನೆರಳು, ದೀಪ, ಒಬ್ಬ ಕಾವಲುಗಾರ ಬೇಕಾಗಿರುವುದು ಅಲ್ಲಿ.

ಕಾನೂನು ಇರಲಿಲ್ಲ ಅಂತಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಚಾಲಕ ರಾತ್ರಿ ತಂಗಬೇಕಾದ ಕಡೆ ಮಾಲೀಕ ವಿಶ್ರಾಂತಿ ಕೋಣೆ ಕೊಡಬೇಕು ಅಂತ ಬರೆದಿತ್ತು. ಆದರೆ ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗೆ ಮಾತ್ರ. ಒಂದು ಲಾರಿ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್ ಇರುವ ಕಡೆ ಕಾಯ್ದೆ ಕಣ್ಣು ಮುಚ್ಚಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಹೊಸ ಸಂಹಿತೆ ಸಾಮಾನ್ಯವಾಗಿ ಹತ್ತು ಮಂದಿ ಇರುವಲ್ಲಿಂದ ಲೆಕ್ಕ ಶುರು ಮಾಡುತ್ತದೆ. ಸಣ್ಣ ಗಾಡಿಯವನು ಇನ್ನಷ್ಟು ದೂರ ಸರಿದ.

ನಮ್ಮ ಹಳ್ಳಿಗಳೂ ಸಾಚಾ ಅಲ್ಲ. 'ಲಾರಿ ಡ್ರೈವರ್‌ಗ ಹೆಣ್ಣು ಕೊಡಬ್ಯಾಡ್ರಿ' ಅನ್ನುವ ಊರೇ ತೊಗರಿ ಮಾರುವ ದಿನ ಅವನಿಗಾಗಿ ಕಾಯುತ್ತದೆ. ಕೊಡ ನೀರು ಕೇಳಲು ಬಂದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಇದನ್ನು ಸರಿಮಾಡಲು ಯಾವ ಅಧಿಸೂಚನೆಯೂ ಬೇಕಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಅಣ್ಣನೋ ಅಪ್ಪನೋ ಗಾಡಿಯ ಮೇಲಿರುವವರು ಇದ್ದೇ ಇರುತ್ತೀರಿ. ಈ ಎರಡು ಮಾತು ಅವರಿಗೆ ಫೋನಿನಲ್ಲಿ ಹೇಳಿ. ಕ್ಯಾಬಿನ್ನಿನೊಳಗೆ ಸ್ಟವ್ ಹಚ್ಚಬೇಡಿ. ಚಳಿಗೆ ಕೆಂಡ ಇಟ್ಟುಕೊಂಡು ಗಾಜು ಏರಿಸಿ ಮಲಗಬೇಡಿ, ಆ ಗಾಳಿಗೆ ವಾಸನೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬೆಂಕಿ ಎಷ್ಟು ಬೇಗ ಹಬ್ಬುತ್ತದೆ ಅಂತ ಕಮಲಾಪುರದವರಿಗೆ ಗೊತ್ತು. 2022ರ ಜೂನ್ 3ರ ಬೆಳಿಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಸರಕು ವಾಹನಕ್ಕೆ ಡಿಕ್ಕಿಯಾಗಿ ಹೊತ್ತಿ ಉರಿದಾಗ ಒಳಗಿದ್ದವರಲ್ಲಿ ಕೆಲವರಿಗೆ ಹೊರಬರಲು ಆಗಲೇ ಇಲ್ಲ.

ಇನ್ನು ಕೇಳುವ ಕೆಲಸ. ಡಿಸೆಂಬರ್ ಬಂದರೆ ತೊಗರಿ ಶುರು, ಲಾರಿಗಳ ಸಾಲೂ ಶುರು. ಅದಕ್ಕೆ ಮೊದಲು ಪ್ರತಿ ಊರಿನಿಂದ ಒಬ್ಬರು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಕಲಬುರಗಿ ಎಪಿಎಂಸಿಗೆ ಒಂದು, ಕಮಲಾಪುರದ ಸ್ಥಳೀಯ ಆಡಳಿತಕ್ಕೆ ಒಂದು. ಇಷ್ಟು ಬರೆದರೆ ಸಾಕು: ನಿಮ್ಮ ವ್ಯಾಪ್ತಿಯಲ್ಲಿ ಸರಕು ವಾಹನ ನಿಲ್ಲಲು ಗುರುತಿಸಿದ ಜಾಗ ಎಲ್ಲೆಲ್ಲಿದೆ? ಅಲ್ಲಿ ಚಾಲಕರು ಬಳಸಬಹುದಾದ ಶೌಚಾಲಯ, ಸ್ನಾನದ ಕೋಣೆ, ಕುಡಿಯುವ ನೀರಿನ ನಲ್ಲಿ ಎಷ್ಟಿವೆ? ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತೆರೆದಿರುತ್ತವೆಯೇ, ಬೀಗದ ಕೈ ಯಾರ ಹತ್ತಿರ ಇರುತ್ತದೆ? ಕಳೆದ ಮೂರು ವರ್ಷದಲ್ಲಿ ಇವುಗಳಿಗೆ ಖರ್ಚು ಮಾಡಿದ ಹಣ ಎಷ್ಟು? ಉತ್ತರ ಬಂದರೆ ಫೋಟೋ ತೆಗೆದು ನಮಗೆ ಕಳಿಸಿ. ಬಾರದಿದ್ದರೂ ತಿಳಿಸಿ, ಮೇಲ್ಮನವಿ ಬರೆಯಲು ಜೊತೆಗೆ ಕೂರುತ್ತೇವೆ.